ತಾಳಮದ್ದಳೆಯ ಕೂಟವೂ ನಮ್ಮ ವಾದವಿವಾದಗಳೂ

ಪತ್ತನಾಜೆ ಕಳೆದು ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮುಂಬಯಿಯ ಕರಾವಳಿ ಕನ್ನಡಿಗರಿಗೆ ತಾಳಮದ್ದಳೆಯ ಸುಗ್ಗಿ ಆರಂಭವಾಗುತ್ತದೆ. ಊರಿನಿಂದ ಭಾಗವತರು ಬರುತ್ತಾರೆ, ಅರ್ಥಧಾರಿಗಳು ಬರುತ್ತಾರೆ. ಮಾಟುಂಗದಿಂದ ಹಿಡಿದು ಡೊಂಬಿವಲಿಯವರೆಗೆ ಸಂಘಗಳ ಸಭಾಗೃಹಗಳಲ್ಲಿ, ದೇವಸ್ಥಾನಗಳ ಚಾವಡಿಗಳಲ್ಲಿ ಕೂಟಗಳು ನಡೆಯುತ್ತವೆ. ಹೊರಗೆ ಮಳೆ ಸುರಿಯುತ್ತಿದ್ದರೂ, ಲೋಕಲ್ ಗಾಡಿಗಳು ತಡವಾಗಿ ಓಡುತ್ತಿದ್ದರೂ, ಒದ್ದೆ ಕೊಡೆಯನ್ನು ಬಾಗಿಲ ಬಳಿ ಬಿಟ್ಟು ಒಳಗೆ ಬಂದು ಕುಳಿತುಕೊಳ್ಳುವ ರಸಿಕರಿಗೆ ಕೊರತೆಯಿಲ್ಲ.

ಕಳೆದ ಮಳೆಗಾಲದಲ್ಲಿ ಉಪನಗರವೊಂದರಲ್ಲಿ ನಡೆದ ಇಂಥ ಕೂಟಕ್ಕೆ ನಾವೂ ಹೋಗಿದ್ದೆವು. ಪ್ರಸಂಗ 'ವಾಲಿವಧೆ'. ನಮಗೆ ಚೆನ್ನಾಗಿ ಗೊತ್ತಿರುವ ಇಬ್ಬರು ಹಿರಿಯರು ಅಲ್ಲಿದ್ದರು. ಮೂವತ್ತು ವರ್ಷ ಒಂದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಿ ಬಂದವರು, ಒಬ್ಬರ ಮಗಳ ಮದುವೆಯಲ್ಲಿ ಇನ್ನೊಬ್ಬರು ಬಡಿಸಲು ನಿಂತವರು. ಆ ದಿನ ಒಬ್ಬರು ಸಭಾಗೃಹದ ಈ ತುದಿಯಲ್ಲಿ, ಇನ್ನೊಬ್ಬರು ಆ ತುದಿಯಲ್ಲಿ ಕುಳಿತಿದ್ದರು. ಚಹಾದ ಹೊತ್ತಿನಲ್ಲಿ ವಿಚಾರಿಸಿದಾಗ ಕಾರಣ ತಿಳಿಯಿತು. ಚುನಾವಣೆಯ ಸಮಯದಲ್ಲಿ ಊರವರ ವಾಟ್ಸಪ್ ಗುಂಪಿನಲ್ಲಿ ಒಬ್ಬರು ಏನನ್ನೋ ಕಳುಹಿಸಿದರಂತೆ. ಇನ್ನೊಬ್ಬರು ಅದಕ್ಕೆ ಹತ್ತು ಸಾಲಿನ ಉತ್ತರ ಬರೆದರಂತೆ. ಮಾತು ಪಕ್ಷದಿಂದ ಧರ್ಮಕ್ಕೆ, ಧರ್ಮದಿಂದ ಮನೆತನಕ್ಕೆ ಇಳಿಯಿತಂತೆ. ಅಂದಿನಿಂದ ಮಾತುಕತೆಯಿಲ್ಲ.

ನಮಗೆ ವಿಚಿತ್ರವೆನಿಸಿದ್ದು ಜಗಳವಲ್ಲ. ಅಂಥ ಜಗಳ ಇಂದು ಯಾವ ಮನೆಯಲ್ಲಿಲ್ಲ? ವಿಚಿತ್ರವೆಂದರೆ ಇದು: ಆ ಇಬ್ಬರೂ ಪರಮ ರಾಮಭಕ್ತರು. ಬಾಣ ತಗಲಿ ಬಿದ್ದ ವಾಲಿಯು ಶ್ರೀರಾಮನನ್ನು ಮುಖಕ್ಕೆ ಮುಖ ಕೊಟ್ಟು, ಮರೆಯಲ್ಲಿ ನಿಂತು ಕೊಂದ ನೀನು ಎಂಥ ಕ್ಷತ್ರಿಯ ಎಂದು ಒಂದು ಗಂಟೆಗೂ ಹೆಚ್ಚು ಕಾಲ ಜರೆದದ್ದನ್ನು ಇಬ್ಬರೂ ತಲೆದೂಗುತ್ತಾ ಕೇಳಿದರು. ದೇವರನ್ನೇ ಪ್ರಶ್ನಿಸುವ ಮಾತನ್ನು ಅಷ್ಟು ಹೊತ್ತು ಸಹಿಸಿ, ಮೆಚ್ಚಿ ಚಪ್ಪಾಳೆ ತಟ್ಟಬಲ್ಲವರಿಗೆ ಹಳೆಯ ಗೆಳೆಯನ ಹತ್ತು ಸಾಲುಗಳನ್ನು ಸಹಿಸಲಾಗಲಿಲ್ಲವೇಕೆ? ಮಳೆಯಲ್ಲಿ ಮನೆಗೆ ಮರಳುವಾಗ ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ತಾಳಮದ್ದಳೆಯನ್ನು ಕಲೆಯೆಂದು ವಿಮರ್ಶಿಸುವವರು ಬಹಳ ಮಂದಿ ಇದ್ದಾರೆ. ಅದನ್ನು ವಾದದ ಒಂದು ಶಾಲೆಯೆಂದು ನೋಡಿ, ಆ ಶಾಲೆಯಲ್ಲಿ ನಾವು ಕಲಿತದ್ದೇನು, ಕಲಿಯದೆ ಉಳಿದದ್ದೇನು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಕೂಟದ ಏರ್ಪಾಡನ್ನೇ ಗಮನಿಸೋಣ. ಘಟ್ಟದ ಮೇಲಿನಿಂದ ಬಂದ ಓದುಗರಿಗೂ, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೂ ಇದನ್ನು ಹೇಳುವುದು ಅಗತ್ಯ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರೂ ಚೆಂಡೆ ಮದ್ದಳೆಯವರೂ ಕುಳಿತರೆ ಎರಡು ಕಡೆಗಳಲ್ಲಿ ಅರ್ಥಧಾರಿಗಳು ಎದುರುಬದುರಾಗಿ ಕುಳಿತುಕೊಳ್ಳುತ್ತಾರೆ. ಭಾಗವತರು ಪ್ರಸಂಗದ ಪದವನ್ನು ಹಾಡುತ್ತಾರೆ; ಆ ಪದದ ಆಧಾರದ ಮೇಲೆ ಅರ್ಥಧಾರಿ ತನ್ನ ಪಾತ್ರವಾಗಿ ಮಾತನಾಡುತ್ತಾನೆ. ಪದ ಮಾತ್ರ ಬರೆದದ್ದು, ಮಾತೆಲ್ಲ ಆ ಕ್ಷಣದಲ್ಲಿ ಹುಟ್ಟುವಂಥದ್ದು. ಪೀಠಿಕೆಯಲ್ಲಿ ಪಾತ್ರ ತನ್ನ ನಿಲುವನ್ನು ವಿವರಿಸುತ್ತದೆ; ಆಮೇಲೆ ಇದಿರಿನವರೊಡನೆ ಸಂವಾದ. ಇದಿರಿನವರು ಏನು ಕೇಳುತ್ತಾರೆಂದು ಮೊದಲೇ ತಿಳಿದಿರುವುದಿಲ್ಲ.

ಈ ಏರ್ಪಾಡಿನಲ್ಲಿ ವಾದಕ್ಕೆ ಬೇಕಾದ ನಾಲ್ಕು ಕಟ್ಟುಗಳು ತಾವಾಗಿಯೇ ಬಂದಿವೆ. ಮೊದಲನೆಯದು, ಇದಿರಿನವನಿಗೂ ಸರಿಸಮಾನವಾದ ಆಸನವಿದೆ. ರಾಮನಿಗೆ ಎತ್ತರದ ಪೀಠ, ವಾಲಿಗೆ ನೆಲ ಎಂಬುದಿಲ್ಲ. ಎರಡನೆಯದು, ಒಬ್ಬನು ಮಾತು ಮುಗಿಸುವವರೆಗೆ ಇನ್ನೊಬ್ಬನು ಕೇಳಲೇಬೇಕು. ಕೇಳದಿದ್ದರೆ ಉತ್ತರ ಹೊಂದುವುದಿಲ್ಲ, ಸಭೆಗೆ ಅದು ಕೂಡಲೇ ತಿಳಿಯುತ್ತದೆ. ಮೂರನೆಯದು, ಮಾತು ಎಲ್ಲೆ ಮೀರಿದರೆ ಭಾಗವತರು ಮುಂದಿನ ಪದವನ್ನು ಎತ್ತಿಕೊಳ್ಳುತ್ತಾರೆ. ಅವರು ಯಾರ ಪಕ್ಷವೂ ಅಲ್ಲ, ಪ್ರಸಂಗದ ಪಕ್ಷ. ನಾಲ್ಕನೆಯದೇ ಬಹು ಮುಖ್ಯವಾದದ್ದು. ಇಂದು ರಾಮನಾಗಿ ಅರ್ಥ ಹೇಳಿದವನು ನಾಳೆ ಇನ್ನೊಂದು ಊರಿನಲ್ಲಿ ವಾಲಿಯಾಗಬೇಕಾಗಬಹುದು. ಇಂದು ತಾನೇ ಖಂಡಿಸಿದ ಪಕ್ಷವನ್ನು ನಾಳೆ ಅಷ್ಟೇ ಶ್ರದ್ಧೆಯಿಂದ ಮಂಡಿಸಬೇಕು. ಹೀಗೆ ಎರಡೂ ಕಡೆಯ ಮಾತನ್ನು ಒಂದೇ ನಾಲಿಗೆಯಿಂದ ಆಡಿದವನಿಗೆ ಇದಿರಿನವನು ಕೇವಲ ಮೂರ್ಖ ಅಥವಾ ದುಷ್ಟ ಎಂದು ನಂಬುವುದು ಕಷ್ಟವಾಗುತ್ತದೆ.

ಇದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಕ್ಕೆ ಮುನ್ನ ಪೂರ್ವಪಕ್ಷವನ್ನು ಹೇಳಬೇಕೆಂಬ ಕ್ರಮವಿದೆ. ಇದಿರಿನವನ ಮಾತನ್ನು ಅವನೇ ಒಪ್ಪುವಷ್ಟು ಚೆನ್ನಾಗಿ ಹೇಳಿದ ಮೇಲೆಯೇ ಅದನ್ನು ಖಂಡಿಸುವ ಅಧಿಕಾರ. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿವೆ. ಸತ್ಯವನ್ನು ತಿಳಿಯಲು ನಡೆಸುವುದು ವಾದ. ಗೆಲ್ಲುವುದಕ್ಕಾಗಿಯೇ ನಡೆಸುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಇದಿರಿನವನದನ್ನು ಕೆಡವುವುದು ವಿತಂಡ. ನಮ್ಮ ಮನೆಗಳ ಜಗಳಗಳನ್ನು ಈ ಮೂರು ತಕ್ಕಡಿಗಳಲ್ಲಿ ತೂಗಿ ನೋಡಿದರೆ ಮೊದಲನೆಯದರಲ್ಲಿ ಎಷ್ಟು ನಿಲ್ಲುತ್ತದೆ ಎಂಬುದನ್ನು ಓದುಗರೇ ಯೋಚಿಸಬಹುದು.

ಇನ್ನು 'ವಾಲಿವಧೆ'ಗೆ ಬರೋಣ. ಕುಂಬಳೆಯ ಪಾರ್ತಿಸುಬ್ಬನದೆಂದು ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳಲ್ಲಿ ಇದೂ ಒಂದು. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೇ ವಾಲಿಯ ಆಕ್ಷೇಪಗಳು ಬಹಳ ಹರಿತವಾಗಿವೆ. ನಿನಗೂ ನನಗೂ ಹಗೆಯಿರಲಿಲ್ಲ. ನಾನು ಇನ್ನೊಬ್ಬನೊಡನೆ ಹೋರಾಡುತ್ತಿದ್ದಾಗ ಮರೆಯಲ್ಲಿ ನಿಂತು ಹೊಡೆದೆ. ನನ್ನ ಚರ್ಮವಾಗಲಿ ಮಾಂಸವಾಗಲಿ ನಿನ್ನಂಥವರಿಗೆ ಉಪಯೋಗಕ್ಕೆ ಬರುವುದಲ್ಲ. ಸೀತೆಯನ್ನು ತರಿಸಬೇಕಿದ್ದರೆ ನನಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ರಾಮನ ಉತ್ತರವೂ ಹಗುರವಾದುದಲ್ಲ. ಈ ಭೂಮಿ ಇಕ್ಷ್ವಾಕುಗಳದು, ಭರತನ ಆಳ್ವಿಕೆಯಲ್ಲಿ ಧರ್ಮವನ್ನು ಕಾಯುವ ಹೊಣೆ ನನ್ನದು. ನೀನು ತಮ್ಮನ ಹೆಂಡತಿಯಾದ ರುಮೆಯನ್ನು ಇಟ್ಟುಕೊಂಡೆ. ಸುಗ್ರೀವನಿಗೆ ನಾನು ಮಾತು ಕೊಟ್ಟಿದ್ದೇನೆ. ಈ ಉತ್ತರಗಳು ಎಲ್ಲರಿಗೂ ಸಮಾಧಾನ ಕೊಟ್ಟಿವೆಯೇ? ಕೊಟ್ಟಿದ್ದರೆ ಇಂದಿಗೂ ಕೂಟ ಕೂಟಗಳಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುವ ಅಗತ್ಯವಿರಲಿಲ್ಲ.

ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ಅದನ್ನು ಇಂದೂ ನೆನೆಯುತ್ತಾರೆ. ಶೇಣಿಯವರ ವಾಲಿ, ರಾವಣ, ಮಾಗಧರು ಬರಿಯ ಖಳರಾಗಿರಲಿಲ್ಲ. ತಮ್ಮದೇ ಆದ ನ್ಯಾಯವನ್ನು ಹೊತ್ತು ಬಂದವರಾಗಿದ್ದರು. ಅವರ ಇದಿರು ಸಾಮಗರಂಥ ವಾಗ್ಮಿಗಳು ಕುಳಿತರೆ ಆ ರಾತ್ರಿ ಬೆಳಗಾಗುವುದೇ ತಿಳಿಯುತ್ತಿರಲಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದೇ ಶೇಣಿಯವರು 'ಬಪ್ಪನಾಡು ಕ್ಷೇತ್ರ ಮಹಾತ್ಮೆ' ಆಟದಲ್ಲಿ ಬಪ್ಪ ಬ್ಯಾರಿಯ ಪಾತ್ರದಿಂದಲೂ ಮನೆಮಾತಾದರು. ಮೂಲ್ಕಿಯ ದುರ್ಗಾಪರಮೇಶ್ವರಿಯ ಗುಡಿ ಮುಸಲ್ಮಾನ ವ್ಯಾಪಾರಿಯೊಬ್ಬನಿಂದ ನಿರ್ಮಾಣವಾಯಿತೆಂಬ ಐತಿಹ್ಯವನ್ನು ಒಬ್ಬ ಹರಿದಾಸ ಬ್ರಾಹ್ಮಣ ಬ್ಯಾರಿಯ ಮಾತಿನ ಧಾಟಿಯಲ್ಲಿ ಆಡಿ ತೋರಿಸಿದಾಗ, ಪಾತ್ರವನ್ನು ಗೇಲಿಗೆ ಬಿಡದೆ ಅದಕ್ಕೆ ಘನತೆಯನ್ನು ಕೊಟ್ಟರೆಂಬುದೇ ಅವರ ಹಿರಿಮೆ. ಇಂದು ಸಂಪಾಜೆಯ ಜಬ್ಬಾರ್ ಸಮೋ ಅವರು ಪುರಾಣಪಾತ್ರಗಳಿಗೆ ಅರ್ಥ ಹೇಳಿ ರಸಿಕರ ಮನ್ನಣೆ ಪಡೆದಿದ್ದಾರೆ. ಇನ್ನೊಬ್ಬರ ಧರ್ಮದ ಒಳಗೆ ನಿಂತು, ಅದರ ಮಾತನ್ನು ಅದರ ಗೌರವಕ್ಕೆ ಕುಂದಾಗದಂತೆ ಆಡುವ ಅಭ್ಯಾಸ ಈ ಕಲೆಯಲ್ಲಿ ಎರಡೂ ಕಡೆಗಳಿಂದ ನಡೆದಿದೆ ಎಂಬುದು ಸಣ್ಣ ಸಂಗತಿಯಲ್ಲ.

ಹಾಗಾದರೆ ವಾಲಿಯ ಮಾತಿನಿಂದ ಭಕ್ತರ ಮನಸ್ಸು ನೋಯುವುದಿಲ್ಲವೇಕೆ? ಅದು ನಾಟಕ, ಕೊನೆಗೆ ರಾಮನೇ ಗೆಲ್ಲುತ್ತಾನೆಂದು ಎಲ್ಲರಿಗೂ ಗೊತ್ತು ಎಂಬ ಉತ್ತರ ಸುಲಭವಾದದ್ದು. ಅದರಲ್ಲಿ ಸತ್ಯಾಂಶವಿದೆ, ಅದನ್ನು ಮುಂದೆ ನೋಡೋಣ. ಆದರೆ ಅದಷ್ಟೇ ಅಲ್ಲ. ರಾಮನು ಇಂಥ ಪ್ರಶ್ನೆಗಳನ್ನು ತಾಳಿಕೊಳ್ಳಬಲ್ಲನೆಂಬ ನಂಬಿಕೆ ಆ ಸಭೆಗಿದೆ. ಪ್ರಶ್ನೆಯಿಂದ ಕುಸಿಯುವ ದೇವರು ತಮ್ಮ ದೇವರಲ್ಲ ಎಂಬ ಧೈರ್ಯ ಅಜ್ಜ ಅಜ್ಜಿಯರ ಕಾಲದಿಂದ ಬಂದದ್ದು. ಇನ್ನೊಂದು ಕಾರಣವೂ ಇದೆ. ವಾಲಿ ರಾಮನನ್ನು ಎಷ್ಟೇ ಜರೆದರೂ ಉತ್ತರವನ್ನು ಕೇಳಲೆಂದೇ ಜರೆಯುತ್ತಾನೆ. ಸಾಯುವ ಹೊತ್ತಿನಲ್ಲಿಯೂ ಅವನಿಗೆ ಬೇಕಾದದ್ದು ಕಾರಣ. ಕೊನೆಗೆ ತನ್ನ ಮಗ ಅಂಗದನನ್ನು ಅದೇ ರಾಮನಿಗೆ, ಅದೇ ಸುಗ್ರೀವನಿಗೆ ಒಪ್ಪಿಸುತ್ತಾನೆ. ನಮ್ಮ ಹಿರಿಯರಿಬ್ಬರ ಹತ್ತು ಸಾಲುಗಳಲ್ಲಿ ಇಲ್ಲದಿದ್ದುದು ಇದೇ. ಅಲ್ಲಿ ಯಾರೂ ಉತ್ತರವನ್ನು ಬಯಸಿರಲಿಲ್ಲ.

ಕೇಳುವವರಿಲ್ಲದ ಕಡೆ ವಾದ ಏನಾಗುತ್ತದೆಂಬುದಕ್ಕೆ 'ಕೃಷ್ಣಸಂಧಾನ' ನಿದರ್ಶನ. ಕೃಷ್ಣ ಸಭೆಗೆ ಬಂದಾಗ ಯಾರೂ ಏಳಬಾರದೆಂದು ಕೌರವ ಮೊದಲೇ ಕಟ್ಟುಮಾಡುತ್ತಾನೆ. ಕೃಷ್ಣನೂ ಸುಮ್ಮನಿರುವುದಿಲ್ಲ, ಕಾಲ್ಬೆರಳಿನಿಂದ ನೆಲವನ್ನೊತ್ತಿ ಕೌರವನನ್ನು ಸಿಂಹಾಸನದಿಂದ ಉರುಳಿಸುತ್ತಾನೆ. ಮಾತು ಆರಂಭವಾಗುವ ಮೊದಲೇ ಎರಡು ಕಡೆಯೂ ಮಾನಾಪಮಾನದ ಲೆಕ್ಕ ಬಿದ್ದಾಗಿದೆ. ಆಮೇಲೆ ಎಂಥ ನೀತಿ ಹೇಳಿದರೂ ಕೇಳುವ ಕಿವಿ ಎಲ್ಲಿಂದ ಬರಬೇಕು? ಒಳ್ಳೆಯ ಅರ್ಥಧಾರಿಗಳು ಈ ಪ್ರಸಂಗದಲ್ಲಿ ಕೌರವನ ಛಲಕ್ಕೂ ಒಂದು ಅರ್ಥವನ್ನು ಕಟ್ಟಿಕೊಡುತ್ತಾರೆ; ಆದರೂ ಸಂಧಾನ ಮುರಿದದ್ದು ತರ್ಕದ ಕೊರತೆಯಿಂದಲ್ಲ ಎಂಬುದನ್ನು ಸಭೆ ಅರಿತು ಏಳುತ್ತದೆ.

ಇಷ್ಟು ಹೊಗಳಿದ ಮೇಲೆ ದೋಷಗಳನ್ನು ಹೇಳದಿದ್ದರೆ ವಿಮರ್ಶೆಯಾಗದು.

ಮೊದಲನೆಯದಾಗಿ, ಸಂವಾದವು ಜಟ್ಟಿಕಾಳಗವಾಗುವುದುಂಟು. ಪ್ರಸಂಗಕ್ಕೆ ಸಂಬಂಧಿಸದ ಪ್ರಶ್ನೆಯನ್ನು ಎಸೆದು ಕಿರಿಯ ಅರ್ಥಧಾರಿಯನ್ನು ಕಂಗೆಡಿಸುವುದು, ಪಾತ್ರದ ನೆಪದಲ್ಲಿ ಇದಿರಿನವರ ವೈಯಕ್ತಿಕ ವಿಷಯವನ್ನು ಚುಚ್ಚುವುದು ಹಿಂದೆಯೂ ಇತ್ತು, ಈಗಲೂ ಇದೆ. ಇದಕ್ಕೆ ಸಭೆಯ ಚಪ್ಪಾಳೆಯೇ ಗೊಬ್ಬರ. ಎರಡನೆಯದಾಗಿ, ಪೌರಾಣಿಕ ಪಾತ್ರದ ಬಾಯಿಂದ ಇಂದಿನ ಪಕ್ಷರಾಜಕೀಯದ ಮಾತನ್ನು ಆಡಿಸುವ ಚಪಲ. ಸೂಚ್ಯವಾಗಿ ಒಂದು ಮಾತು ಬಂದರೆ ಸೊಗಸು. ಆದರೆ ಸಭೆಯಲ್ಲಿರುವ ಅರ್ಧ ಜನ ನಗುವಾಗ ಉಳಿದರ್ಧ ಜನ ತಲೆ ತಗ್ಗಿಸುವಂತಾದರೆ ಅದು ಕಲೆಗೂ ಹಿತವಲ್ಲ, ರಾಜಕೀಯಕ್ಕೂ ಹಿತವಲ್ಲ. ಅಲ್ಲಿ ಇದಿರಿನ ಪಕ್ಷಕ್ಕೆ ಆಸನವೇ ಇರುವುದಿಲ್ಲ.

ಮೂರನೆಯ ದೋಷ ಹೊಸ ಕಾಲದ್ದು. ಇಡೀ ರಾತ್ರಿಯ ಕೂಟ ಈಗ ಮೂರು ನಾಲ್ಕು ಗಂಟೆಗೆ ಇಳಿದಿದೆ. ಬೆಳಿಗ್ಗೆ ಆರರ ಗಾಡಿ ಹಿಡಿಯುವವರ ನಗರದಲ್ಲಿ ಇದು ಅನಿವಾರ್ಯ. ಆದರೆ ಆ ಮೂರು ಗಂಟೆಯಿಂದ ಮೂರು ನಿಮಿಷವನ್ನು ಕತ್ತರಿಸಿ, ಒಬ್ಬರು ಇನ್ನೊಬ್ಬರ ಬಾಯಿ ಮುಚ್ಚಿಸಿದರು ಎಂಬ ತಲೆಬರಹ ಕೊಟ್ಟು ಮೊಬೈಲಿನಲ್ಲಿ ಹಂಚುವುದು ಅನಿವಾರ್ಯವೇನಲ್ಲ. ಕತ್ತರಿಸಿದ ತುಣುಕಿನಲ್ಲಿ ಪೂರ್ವಪಕ್ಷ ಹೋಗಿರುತ್ತದೆ, ಉತ್ತರವೂ ಹೋಗಿರುತ್ತದೆ; ಏಟು ಮಾತ್ರ ಉಳಿದಿರುತ್ತದೆ. ನಮ್ಮ ಹಿರಿಯರಿಬ್ಬರನ್ನು ಬೇರೆ ಮಾಡಿದ ಸಂದೇಶವೂ ಇಂಥದೇ ಒಂದು ತುಣುಕು.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದುದು. ಪ್ರಸಂಗದ ಅಂತ್ಯ ಮೊದಲೇ ನಿಶ್ಚಯವಾಗಿರುತ್ತದೆ. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಸಾಯಲೇಬೇಕು, ಒಪ್ಪಲೇಬೇಕು. ಸಭೆಯ ಸೈರಣೆಗೆ ಈ ಭರವಸೆಯೂ ಆಧಾರವೆಂಬುದನ್ನು ನಾವು ಒಪ್ಪಬೇಕು. ನಿಜವಾದ ರಾಜಕೀಯದಲ್ಲಾಗಲಿ ಧರ್ಮಜಿಜ್ಞಾಸೆಯಲ್ಲಾಗಲಿ ಅಂತ್ಯವನ್ನು ಬರೆದಿಟ್ಟ ಪ್ರಸಂಗಕರ್ತನಿಲ್ಲ. ಅಲ್ಲಿ ಸೋಲುವ ಭಯ ಇಬ್ಬರಿಗೂ ಇದೆ. ಜೊತೆಗೆ, ಅರ್ಥಧಾರಿಯ ಮಾತಿಗೆ ಪಾತ್ರವೆಂಬ ಕವಚವಿದೆ. ನಮ್ಮ ಮಾತಿಗೆ ಅದಿಲ್ಲ. ಆದ್ದರಿಂದ ಕೂಟದಲ್ಲಿ ಕಲಿತ ಸೈರಣೆ ಬಾಗಿಲು ದಾಟಿ ಚಹಾದ ಮೇಜಿನವರೆಗೂ ಬರುವುದಿಲ್ಲ. ಅದನ್ನು ಬರಮಾಡಿಕೊಳ್ಳಲು ಬೇರೆ ಶ್ರಮ ಬೇಕು.

ಐದನೆಯದನ್ನೂ ಹೇಳಿಬಿಡುತ್ತೇವೆ. ವಾಲಿವಧೆಯಲ್ಲಿ ಎಲ್ಲರಿಗಿಂತ ಮೊದಲು ವಿವೇಕದ ಮಾತನ್ನಾಡುವವಳು ತಾರೆ. ಸುಗ್ರೀವ ಮತ್ತೆ ಬಂದು ಕರೆಯುತ್ತಿದ್ದಾನೆಂದರೆ ಹಿಂದೆ ಯಾರೋ ಇದ್ದಾರೆ, ವಿಚಾರಿಸು, ಹಗೆ ಬಿಡು ಎನ್ನುತ್ತಾಳೆ. ವಾಲಿ ಕೇಳುವುದಿಲ್ಲ. ನಮ್ಮ ಸಂಘಗಳ ಸಭೆಗಳಲ್ಲಿಯೂ ಧರ್ಮ ರಾಜಕೀಯದ ಚರ್ಚೆ ಬಂದಾಗ ಹೆಂಗಸರ ಮಾತು ತಾರೆಯ ಮಾತಿನಂತೆಯೇ ಆಗುತ್ತದೆ. ಈಚಿನ ವರ್ಷಗಳಲ್ಲಿ ಮಹಿಳೆಯರ ತಾಳಮದ್ದಳೆ ತಂಡಗಳು ಹುಟ್ಟಿಕೊಂಡಿರುವುದು ಸಂತೋಷದ ವಿಷಯ.

ಇದೆಲ್ಲ ಬರಿಯ ಕಲಾವಿಮರ್ಶೆಯಾಗಿ ಉಳಿಯಬಾರದೆಂಬುದಕ್ಕೆ ಈ ನಗರದ ಅನುಭವವೇ ಸಾಕು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನೂ, ಉಡುಪಿ ಹೊಟೇಲುಗಳ ಮೇಲೆ ಬಿದ್ದ ಕಲ್ಲುಗಳನ್ನೂ ನಮ್ಮ ಹಿರಿಯರು ಕಂಡಿದ್ದಾರೆ. 1967ರಲ್ಲಿ ಮಹಾಜನ ಆಯೋಗದ ವರದಿ ಬಂತು. 1969ರ ಫೆಬ್ರವರಿಯಲ್ಲಿ ಗಡಿಯ ಹೆಸರಿನಲ್ಲಿ ಮುಂಬಯಿ ಹೊತ್ತಿ ಉರಿಯಿತು. ಆಗಲೂ ಚಾಳಿನಲ್ಲಿ ಪಕ್ಕದ ಕೋಣೆಯ ಮರಾಠಿ ಕುಟುಂಬ ನಮ್ಮವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡ ಕತೆಗಳನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಬೆಳಗಾವಿಯ ವಿಷಯದಲ್ಲಿ ಆ ಕುಟುಂಬದ ಅಭಿಪ್ರಾಯ ಬೇರೆಯೇ ಇತ್ತು. ಅದು ಬದಲಾಗಲೂ ಇಲ್ಲ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಸುಮಾರು 900 ಮಂದಿ ಸತ್ತರು. 2015ರಲ್ಲಿ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ಅವರ ಸಂಶೋಧನೆಯ ತೀರ್ಮಾನಗಳನ್ನು ಒಪ್ಪದವರು ನಮ್ಮಲ್ಲಿಯೂ ಇದ್ದಾರೆ. ಒಪ್ಪದಿರುವ ಹಕ್ಕು ಎಲ್ಲರಿಗೂ ಇದೆ. ಆದರೆ ಮಾತಿಗೆ ಮಾತು ಸಾಲದೆ ಹೋದಾಗ ಏನು ಬರುತ್ತದೆಂಬುದನ್ನು ಮರೆಯುವ ಹಕ್ಕು ಯಾರಿಗೂ ಇಲ್ಲ.

ಭಿನ್ನಾಭಿಪ್ರಾಯದ ನಡುವೆಯೂ ಬಾಳಿದ ಪಾಠವೂ ಇದೇ ನಗರದಲ್ಲಿದೆ. ಮಂಗಳೂರಿನಿಂದ ಬಂದು ಇಲ್ಲಿ ಕಾರ್ಮಿಕ ನಾಯಕರಾದ ಜಾರ್ಜ್ ಫೆರ್ನಾಂಡಿಸರು 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥ ಪ್ರಬಲರನ್ನು ಸೋಲಿಸಿದಾಗ, ನಮ್ಮವರಲ್ಲಿ ಸಂತೋಷಪಟ್ಟವರೂ ಇದ್ದರು, ಅವರ ಮುಷ್ಕರಗಳಿಗೆ ಹೆದರಿದವರೂ ಇದ್ದರು. ಹೊಟೇಲಿನ ಗಲ್ಲೆಯಲ್ಲಿ ಕುಳಿತವರದೊಂದು ಅಭಿಪ್ರಾಯ, ಮೇಜು ಒರೆಸುವ ಹುಡುಗನದೊಂದು ಅಭಿಪ್ರಾಯ. ಇಬ್ಬರೂ ಒಂದೇ ಊರಿನವರು, ಕೂಟಕ್ಕೆ ಬಂದಾಗ ಒಂದೇ ಚಾಪೆಯ ಮೇಲೆ ಕೂರುವವರು. ಆ ಕಾಲ ಬಂಗಾರದ್ದೆಂದು ನಾವು ಹೇಳುವುದಿಲ್ಲ. ಜಾತಿಗೊಂದು ಸಂಘ, ಪಂಕ್ತಿಗೊಂದು ಭೇದ ಆಗಲೂ ಇತ್ತು. ಆದರೆ ಬೇರೆ ಅಭಿಪ್ರಾಯದವರ ಪಕ್ಕದಲ್ಲಿ ಕೂರಲೇಬೇಕಾದ ಸಂದರ್ಭಗಳು ಹೆಚ್ಚಾಗಿದ್ದವು. ಇಂದು ನಮಗೆ ಬೇಡದವರ ಮಾತನ್ನು ಬೆರಳ ತುದಿಯಿಂದ ಅಳಿಸಿಬಿಡಬಹುದು. ಅಳಿಸಿದ ಮೇಲೆ ಉಳಿಯುವುದು ನಮ್ಮದೇ ದನಿ.

ಆದುದರಿಂದ ಸಂಘದ ಪದಾಧಿಕಾರಿಗಳ ಮುಂದೆ ಒಂದು ಸಲಹೆಯನ್ನು ಇಡುತ್ತೇವೆ. ವರ್ಷಕ್ಕೆ ಎರಡು ಬಾರಿಯಾದರೂ ಒಂದು ಸಂಜೆಯನ್ನು ಚರ್ಚೆಗಾಗಿ ಮೀಸಲಿಡಬೇಕು. ವಿಷಯ ಯಾವುದೂ ಆಗಬಹುದು: ಮೀಸಲಾತಿ, ಗಡಿ, ದೇವಸ್ಥಾನದ ಆಡಳಿತ, ಮಕ್ಕಳ ಅಂತರ್ಜಾತೀಯ ವಿವಾಹ. ನಿಯಮಗಳನ್ನು ಕೂಟದಿಂದಲೇ ತೆಗೆದುಕೊಳ್ಳೋಣ. ಇಬ್ಬರಿಗೂ ಸಮಾನ ಆಸನ, ಸಮಾನ ಹೊತ್ತು. ತನ್ನ ಮಾತಿಗೆ ಮೊದಲು ಇದಿರಿನವರ ಪಕ್ಷವನ್ನು ಹೇಳಬೇಕು. ಹೌದು, ನಾನು ಹೇಳುವುದು ಇದನ್ನೇ ಎಂದು ಅವರು ಒಪ್ಪಿದ ಮೇಲೆ ಖಂಡನೆ. ಭಾಗವತರ ಸ್ಥಾನದಲ್ಲಿ ಒಬ್ಬ ಹಿರಿಯರು, ಆದರೆ ಯಾವ ಪಕ್ಷದ ಪದಾಧಿಕಾರಿಯೂ ಆಗಿರಬಾರದು. ಹಾಜರಿಲ್ಲದವರ ಬಗ್ಗೆ, ಮನೆತನದ ಬಗ್ಗೆ ಮಾತು ಬಂದರೆ ಕೂಡಲೇ ಜಾಗಟೆ. ಕೊನೆಯಲ್ಲಿ ಮತ ಎಣಿಸುವುದು ಬೇಡ, ಗೆದ್ದವರಿಗೆ ಶಾಲು ಹೊದಿಸುವುದೂ ಬೇಡ. ಮುಂದಿನ ಸಲ ಅದೇ ಇಬ್ಬರು ಪಕ್ಷ ಬದಲಿಸಿ ಮಾತನಾಡಲಿ. ಮಕ್ಕಳಿಗೆ ಕನ್ನಡ ಕಷ್ಟವಾದರೆ ಮರಾಠಿಯೋ ಇಂಗ್ಲಿಷೋ ಬೆರೆಯಲಿ; ಅವರು ಬರುವುದು ಮುಖ್ಯ.

ಇದರಿಂದ ಎಲ್ಲರ ಅಭಿಪ್ರಾಯ ಒಂದಾಗುತ್ತದೆಂಬ ಭ್ರಮೆ ನಮಗಿಲ್ಲ. ಒಂದಾಗಬೇಕೆಂಬ ಆಸೆಯೂ ಇಲ್ಲ. ಕೆಲವು ಮಾತುಗಳನ್ನು ಒಪ್ಪಲಾಗದು. ಮನುಷ್ಯರನ್ನು ಕೀಳೆಂದು ಹೇಳುವ ಮಾತನ್ನು ಸೌಜನ್ಯದ ಹೆಸರಿನಲ್ಲಿ ನುಂಗಿಕೊಳ್ಳುವುದು ಸೌಜನ್ಯವಲ್ಲ. ಅದನ್ನು ಎದುರಿಸಬೇಕು, ಆದರೆ ಎದುರಿಗೆ ಕುಳಿತು ಎದುರಿಸಬೇಕು. ವಾಲಿಗೆ ರಾಮನ ಮೇಲಿದ್ದ ಆಕ್ಷೇಪವೂ ಅದೇ ತಾನೆ?

ಆ ದಿನ ಕೂಟ ಮುಗಿದಾಗ ಮಳೆ ಜೋರಾಗಿತ್ತು. ಹಿರಿಯರಲ್ಲಿ ಒಬ್ಬರ ಬಳಿ ಕೊಡೆಯಿರಲಿಲ್ಲ. ಇನ್ನೊಬ್ಬರು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಏನೂ ಹೇಳದೆ ಕೊಡೆ ಬಿಡಿಸಿ ಅವರತ್ತ ಅರ್ಧ ಸರಿಸಿದರು. ಸ್ಟೇಷನ್ನಿನವರೆಗೂ ಇಬ್ಬರೂ ಮಾತಾಡಿದಂತೆ ಕಾಣಲಿಲ್ಲ. ಮಾತಿಗೆ ಇನ್ನೂ ಸಮಯ ಬೇಕಾಗಬಹುದು. ಈ ಮಳೆಗಾಲದ ಕೂಟಕ್ಕೆ ಇಬ್ಬರೂ ಬರಲಿ, ಹತ್ತಿರ ಹತ್ತಿರ ಕುಳಿತುಕೊಳ್ಳಲಿ, ವಾಲಿಯ ಮಾತೂ ರಾಮನ ಮಾತೂ ಮುಗಿದ ಮೇಲೆ ತಮ್ಮ ಮಾತನ್ನು ಆರಂಭಿಸಲಿ ಎಂದು ಹಾರೈಸುತ್ತೇವೆ.